ಎಂಟು ದಿನದ ಗ್ರಹ

ಒಳಗೆ ಹೋಗದೆ ಇರುವುದೇ ಅವನ ಉದ್ಯೋಗವಾಗಿತ್ತು. ಇದು ತಮಾಷೆಗೆ ಹೇಳುವ ಮಾತಲ್ಲ. ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಒಂದು ಕೋಣೆ, ಕೋಣೆಗೆ ಒಂದರ ಹಿಂದೊಂದು ಎರಡು ಬಾಗಿಲು, ಹೊರಬಾಗಿಲಿನ ಪಕ್ಕ ಒಂದು ಕುರ್ಚಿ, ಕುರ್ಚಿಯ ಮೇಲೆ ಅವನು. ಬೆಳಗ್ಗೆ ಬಂದು ಕೂರಬೇಕು, ಸಂಜೆ ಎದ್ದು ಹೋಗಬೇಕು. ನಡುವೆ ಯಾರನ್ನೂ ಒಳಗೆ ಬಿಡಬಾರದು, ತಾನೂ ಹೋಗಬಾರದು. ಬೆಂಕಿಗಿಂಕಿ ಬಿದ್ದರೆ ತೆಗೆಯಲು ಕೀಲಿಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಕಚೇರಿಯವರು ಅವನನ್ನು ‘ಬೀಗದಣ್ಣ’ ಎನ್ನುತ್ತಿದ್ದರು. ಹಂಗಾಮಿ ನೌಕರ. ಆರು ತಿಂಗಳಿಗೊಮ್ಮೆ ಅವನ ಕೆಲಸ ಮುಗಿಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಹೀಗೆ ಒಂಬತ್ತು ವರ್ಷ.

ಒಳಗೆ ಇದ್ದದ್ದು ಸ್ಪೆಕ್ಟ್ರೋಗ್ರಾಫ್ ಎಂಬ ಯಂತ್ರ. ಗುಡ್ಡದ ಮೇಲಿನ ದೂರದರ್ಶಕ ಹಿಡಿದ ನಕ್ಷತ್ರದ ಬೆಳಕು ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಹರಿದು ಈ ಕೋಣೆಗೆ ಇಳಿಯುತ್ತದೆ. ಗಾಳಿ ತೆಗೆದ ದೊಡ್ಡ ಉಕ್ಕಿನ ಪೀಪಾಯಿಯಲ್ಲಿ ಕೂತಿರುವ ಯಂತ್ರ ಅದನ್ನು ಕಾಮನಬಿಲ್ಲಿನ ಹಾಗೆ ಬಿಡಿಸುತ್ತದೆ. ಆ ಬಣ್ಣದ ಪಟ್ಟಿಯಲ್ಲಿ ಸಾವಿರಾರು ಕಪ್ಪು ಗೆರೆಗಳು. ನಕ್ಷತ್ರದ ಸುತ್ತ ಗ್ರಹವೊಂದು ಸುತ್ತುತ್ತಿದ್ದರೆ ನಕ್ಷತ್ರವನ್ನು ಅತ್ತಿತ್ತ ಜಗ್ಗುತ್ತದೆ, ಗೆರೆಗಳೂ ಅತ್ತಿತ್ತ ಸರಿಯುತ್ತವೆ. ಗ್ರಹ ಕಣ್ಣಿಗೆ ಕಾಣುವುದಿಲ್ಲ, ಗೆರೆ ಸರಿದದ್ದು ಕಾಣುತ್ತದೆ. ನಕ್ಷತ್ರ ಮನುಷ್ಯ ನಡೆಯುವಷ್ಟು ನಿಧಾನವಾಗಿ ಕದಲಿದರೂ ಯಂತ್ರಕ್ಕೆ ಗೊತ್ತಾಗುತ್ತದೆ. ಇಂಥ ಯಂತ್ರಕ್ಕೆ ಸೆಖೆ ಆಗಬಾರದು, ಚಳಿಯೂ ಆಗಬಾರದು. ಕೋಣೆಯ ಉಷ್ಣಾಂಶ ಒಂದು ಡಿಗ್ರಿಯ ನೂರನೇ ಒಂದು ಪಾಲು ಬದಲಾದರೂ ಲೋಹ ಹಿಗ್ಗುತ್ತದೆ. ನಕ್ಷತ್ರ ಇದ್ದಲ್ಲೇ ಇದ್ದರೂ ಗೆರೆ ಸರಿಯುತ್ತದೆ. ಅದಕ್ಕೇ ಬೀಗ, ಅದಕ್ಕೇ ಬೀಗದಣ್ಣ.

ಇಷ್ಟು ವಿಷಯ ಅವನಿಗೂ ಗೊತ್ತಿತ್ತು. ಮೊದಲನೇ ದಿನವೇ ಹೇಳಿದ್ದರು. ಗೊತ್ತಿದ್ದೂ ಆದದ್ದು ಏನೆಂದರೆ, ಅವನಿಗೊಬ್ಬ ಮಾವ ಇದ್ದರು.

ಹೆಂಡತಿಯ ತಂದೆ ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಒಂದು ಕಣ್ಣು ಇನ್ನೂ ಭೂತಗನ್ನಡಿ ಕಚ್ಚಿಕೊಂಡಂತೆ ಕಿರಿದಾಗಿಯೇ ಇತ್ತು. ಆ ಕಣ್ಣಿನಿಂದಲೇ ಅವರು ಅಳಿಯನನ್ನು ನೋಡುತ್ತಿದ್ದರು. ಯಾರಾದರೂ ಅಳಿಯ ಏನು ಮಾಡುತ್ತಾರೆ ಎಂದು ಕೇಳಿದರೆ, “ಕೂರುವ ಕೆಲಸದಲ್ಲಿದ್ದಾರೆ” ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಅವರ ಹತ್ತಿರ ಒಂದು ಲೋಲಕದ ಗೋಡೆ ಗಡಿಯಾರವಿತ್ತು. ಅದನ್ನು ಸಂಪೂರ್ಣ ಸರಿಪಡಿಸಿದ್ದೇನೆ, ಇನ್ನುಳಿದ ತಪ್ಪು ತನ್ನ ಕೈಯದಲ್ಲ ಎಂಬುದು ಅವರ ವಾದ. ಒಂದು ದಿನ ಊಟಕ್ಕೆ ಕೂತಾಗ ಅದೇ ಮಾತು ಬಂತು.

“ಬೇಸಿಗೇಲಿ ಲೋಲಕ ಹಿಗ್ಗತ್ತೆ, ಗಡಿಯಾರ ಹಿಂದೆ ಬೀಳತ್ತೆ. ಚಳಿಗಾಲದಲ್ಲಿ ಕುಗ್ಗತ್ತೆ, ಮುಂದೆ ಓಡತ್ತೆ. ತಪ್ಪು ಹವೆಯದ್ದು. ಆದ್ರೆ ಹವೆ ಬದಲಾಗದ ಜಾಗ ಪ್ರಪಂಚದಲ್ಲಿ ಎಲ್ಲಿದೆ?”

“ಇದೆ ಮಾವ,” ಎಂದ ಬೀಗದಣ್ಣ. “ನನ್ನ ರೂಮಲ್ಲಿದೆ.”

ಮಾವ ತುತ್ತು ನಿಲ್ಲಿಸಿದರು. “ನಿಮಗೆ ರೂಮ್ ಕೊಟ್ಟಿದ್ದಾರಾ ಅಳಿಯಂದಿರೇ? ಕುರ್ಚಿ ಕೊಟ್ಟಿದ್ದಾರೆ ಅಂತ ಮಗಳು ಹೇಳಿದ್ಲು.”

“ಅಪ್ಪಾ!” ಎಂದಳು ಹೆಂಡತಿ.

“ಯಂತ್ರದ ಪೂರ್ತಿ ಜವಾಬ್ದಾರಿ ನನ್ನದೇ ಮಾವ. ನಾನು ಬೀಗ ತೆಗೆದ್ರೆ ಉಂಟು, ಇಲ್ಲದಿದ್ರೆ ಇಲ್ಲ.”

ಈ ಮಾತಿನಲ್ಲಿ ಇದೇ ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಒಂದೂ ಇಲ್ಲ. ಅನಾಹುತಕ್ಕೆ ಅಷ್ಟೇ ಸಾಕಾಯಿತು. ಮರುದಿನ ಮಧ್ಯಾಹ್ನ ಮಾವ ಕೈಚೀಲ ಹಿಡಿದು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದರು. ಚೀಲದ ಮೇಲೆ ಎರಡು ಕಟ್ಟು ಸೊಪ್ಪು, ಕೆಳಗೆ ಗಡಿಯಾರ. ಸೊಪ್ಪು ಹಿಡಿದ ಮುದುಕರನ್ನು ಯಾವ ಗೇಟಿನವನೂ ತಡೆಯುವುದಿಲ್ಲ.

“ಮಾವ, ಇವತ್ತು ಬೇಡ…”

“ಯಾಕೆ, ಬೀಗ ತೆಗೆಯೋ ಅಧಿಕಾರ ಇವತ್ತು ಇಲ್ವಾ?”

“ಇದೆ, ಇದೆ,” ಎಂದ. ಮದುವೆಯಾದ ದಿನದಿಂದ ಮಾವ ಅವನ ಯಾವ ಮಾತನ್ನೂ ನಂಬಿರಲಿಲ್ಲ. ನಂಬಿ ಬಂದವರನ್ನು ವಾಪಸು ಕಳಿಸುವುದು ಹೇಗೆ? ಬೀಗ ತೆಗೆದ.

ಪೀಪಾಯಿಯ ಆಚೆ ಬದಿಯ ಗೋಡೆಯಲ್ಲಿ ಮೊಳೆಯೊಂದಿತ್ತು. ಗಡಿಯಾರ ಅಲ್ಲಿ ನೇತು ಬಿತ್ತು. ಥರ್ಮಾಮೀಟರ್‌ಗಳು ಇದ್ದದ್ದು ಈಚೆ ಬದಿಯಲ್ಲಿ, ಆಚೆಯ ಕಾವು ಅವಕ್ಕೆ ತಾಗುತ್ತಿರಲಿಲ್ಲ. ಗಡಿಯಾರಕ್ಕೆ ಎಂಟು ದಿನಕ್ಕೊಮ್ಮೆ ಕೀ ಕೊಡಬೇಕು. ಒಂದು ದಿನ ಮೊದಲೇ ಕೊಟ್ಟುಬಿಡೋಣ, ಭಾನುವಾರ ಬರುವುದು ತಪ್ಪುತ್ತದೆ ಎಂದು ಅವನು ಒಮ್ಮೆ ಹೇಳಿ ನೋಡಿದ.

“ಎಂಟು ದಿನದ ಗಡಿಯಾರಕ್ಕೆ ಏಳನೇ ದಿನ ಕೀ ಕೊಡೋನು ಅವಸರದವನು, ಒಂಬತ್ತನೇ ದಿನ ಕೊಡೋನು ಸೋಮಾರಿ,” ಎಂದರು ಮಾವ. “ಪರೀಕ್ಷೆ ಅಂದ್ಮೇಲೆ ಪರೀಕ್ಷೆ.”

ಕೀ ಕೊಡಲು ಅಳಿಯನನ್ನು ನಂಬುವ ಪ್ರಶ್ನೆಯೇ ಇರಲಿಲ್ಲ. ಪ್ರತಿ ಎಂಟನೇ ದಿನ, ಹಗಲು ಹೊತ್ತಿನಲ್ಲಿ, ಮಾವನೇ ಬರುತ್ತಿದ್ದರು. ಕಣ್ಣು ಸಾಲದೆಂದು ಅಂಗಡಿಯಲ್ಲಿದ್ದ ಹಳೆಯ ಟೇಬಲ್ ಲ್ಯಾಂಪನ್ನೂ ತಂದಿಟ್ಟರು. ಅರವತ್ತು ವಾಟಿನ, ಮುಟ್ಟಿದರೆ ಕೈ ಸುಡುವ ಬಲ್ಬು. ಮುಚ್ಚಳ ತೆಗೆದು, ಕಿವಿಗೊಟ್ಟು, ಹೊಂದಿಸಿ, ಕೀ ಕೊಟ್ಟು, ಮತ್ತೆ ಕಿವಿಗೊಡುವಷ್ಟರಲ್ಲಿ ಅರ್ಧ ಗಂಟೆ ಆಗುತ್ತಿತ್ತು. ಬಾಗಿಲ ಕಡೆ ಒಂದು ಕಣ್ಣಿಟ್ಟು ಅಳಿಯ ಬೆವರುತ್ತಾ “ಬೇಗ ಮಾವ, ಬೇಗ” ಎನ್ನುತ್ತಿದ್ದ. ಬೇಗ ಎಂದಷ್ಟೂ ಮಾವ ನಿಧಾನ. ಪ್ರತಿ ಸಲವೂ ಜಗಳದಲ್ಲಿ ಮುಗಿಯುತ್ತಿತ್ತು.

ಹಲವು ತಿಂಗಳು ಹೀಗೆ ಕಳೆದ ಮೇಲೆ ವೀಕ್ಷಣಾಲಯದಲ್ಲಿ ಗ್ರಹವೊಂದು ಪತ್ತೆಯಾಯಿತು.

ಪತ್ತೆ ಮಾಡಿದವರು ಯುವ ಸಂಶೋಧಕಿ. ಕ್ಯಾಂಟೀನ್ ಊಟ ಸೇರದೆ ಬೀಗದಣ್ಣನ ಡಬ್ಬಿಯಲ್ಲಿ ಪಾಲು ಕೇಳುತ್ತಿದ್ದ, ಅವನನ್ನು ಬಾಯ್ತುಂಬ ಅಣ್ಣ ಎನ್ನುತ್ತಿದ್ದ ಹೆಣ್ಣುಮಗಳು. ಬರಿಗಣ್ಣಿಗೆ ಕಾಣದ ಒಂದು ಸಾಧಾರಣ ನಕ್ಷತ್ರದ ಗೆರೆಗಳು ಅತ್ತಿತ್ತ ಸರಿಯುತ್ತಿದ್ದವು. ಗ್ರಹ ಒಂದು ಸುತ್ತು ಬರಲು ತೆಗೆದುಕೊಳ್ಳುವ ಕಾಲ, ಅಂದರೆ ಅದರ ಒಂದು ವರ್ಷ, ನಮ್ಮ ಎಂಟು ದಿನ.

ನಿರ್ದೇಶಕರು ಎಲ್ಲರನ್ನೂ ಕರೆದು ಚಹಾ ಕೊಡಿಸಿದರು. ಬಾಗಿಲ ಬಳಿ ನಿಂತಿದ್ದ ಬೀಗದಣ್ಣನನ್ನು ಮುಂದೆ ಕರೆದು ಹೆಗಲ ಮೇಲೆ ಕೈಯಿಟ್ಟರು.

“ಯಂತ್ರದ ಹತ್ತಿರ ಒಂದು ನೊಣವೂ ಸುಳಿಯದ ಹಾಗೆ ಕಾಯ್ದವನು ಇವನು. ಸೋಮವಾರ ಪತ್ರಿಕೆಯವರನ್ನ ಕರೆದಿದ್ದೀನಿ. ಗ್ರಹದ ಸುದ್ದಿ ಹೊರಗೆ ಬಿದ್ದ ದಿನವೇ ಇವನ ಕೆಲಸ ಕಾಯಂ!”

ಚಪ್ಪಾಳೆ ಬಿತ್ತು. ಆಡಳಿತಾಧಿಕಾರಿ ಮಾತ್ರ ಚಪ್ಪಾಳೆ ತಟ್ಟದೆ, “ಕಾಯಂ ಮಾಡೋಕೆ ಹುದ್ದೆ ಬೇಕಾಗತ್ತೆ ಸಾರ್,” ಎಂದರು. “ಗ್ರಹವೇ ಸಿಕ್ಕಿದೆ, ಹುದ್ದೆ ಸಿಗಲ್ವೇನ್ರೀ,” ಎಂದರು ನಿರ್ದೇಶಕರು.

ಸುದ್ದಿ ಬೀದಿಗೆ ತಲುಪಿದಾಗ ಬೀಗದಣ್ಣನೇ ಗ್ರಹ ಕಂಡುಹಿಡಿದಿದ್ದ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಗೇಟಿನ ಬಳಿಯೇ ಹಿಡಿದರು.

“ಎಂಟು ದಿನಕ್ಕೊಂದು ವರ್ಷ ಅಂದ್ಯಲ್ಲಪ್ಪ, ನಿನ್ನೆಯಿಂದ ಲೆಕ್ಕ ಹಾಕ್ತಿದ್ದೀನಿ. ಅಲ್ಲಿಯ ಲೆಕ್ಕದಲ್ಲಿ ನನಗೆ ಮೂರು ಸಾವಿರ ವರ್ಷ ದಾಟಿದೆ!”

“ಹಾಗೆ ಕಾಣಲ್ಲ ಬಿಡಿ ಸಾರ್.”

“ಭಾನುವಾರ ಬೀದಿಯ ಮಕ್ಕಳನ್ನೆಲ್ಲ ಸೇರಿಸ್ತೀನಿ. ನೀನು ಭಾಷಣ ಮಾಡ್ಬೇಕು.”

ಭಾಷಣ ಎಂದಮೇಲೆ ವಿಷಯ ಬೇಕು. ಮರುದಿನ ಸಂಶೋಧಕಿ ಡಬ್ಬಿಯಲ್ಲಿ ಪಾಲು ತೆಗೆದುಕೊಳ್ಳಲು ಬಂದಾಗ ಅವನು ಕೇಳಿದ. “ಮೇಡಮ್, ಎಂಟೇ ದಿನ ಯಾಕೆ?”

“ಏಳು ಅಂತ ಬಂದಿದ್ರೆ ನಾನು ನಂಬ್ತಾನೇ ಇರ್ಲಿಲ್ಲ ಅಣ್ಣ,” ಎಂದರು ಅವರು. “ಏಳು ಮನುಷ್ಯರ ಲೆಕ್ಕ. ವಾರಕ್ಕೊಂದ್ಸಲ ಯಾರೋ ಕಸ ಗುಡಿಸ್ತಾರೆ, ಯಾರೋ ಜನರೇಟರ್ ಹಾಕಿ ನೋಡ್ತಾರೆ. ಒಂದೇ ದಿನ ಅಂತ ಬಂದ್ರೆ ಬಿಸಿಲಿನ ಲೆಕ್ಕ. ಎಂಟು! ಭೂಮಿ ಮೇಲೆ ಯಾರಾದ್ರೂ ಎಂಟು ದಿನಕ್ಕೊಮ್ಮೆ ಏನಾದ್ರೂ ಮಾಡ್ತಾರಾ ಹೇಳಿ ನೋಡೋಣ?”

ಬೀಗದಣ್ಣ ಕೈಯಲ್ಲಿದ್ದ ತುತ್ತನ್ನು ಮತ್ತೆ ಡಬ್ಬಿಗೆ ಇಟ್ಟ.

“ಈಗ… ಸುಮ್ನೆ ಒಂದು ಮಾತಿಗೆ ಕೇಳ್ತೀನಿ. ಯಾರಾದ್ರೂ ಒಳಗೆ ಹೋದ್ರೆ ಏನಾಗತ್ತೆ?”

“ಮನುಷ್ಯ ಅಂದ್ರೆ ನೂರು ವಾಟಿನ ಬಲ್ಬು ಅಣ್ಣ. ಸುಮ್ಮನೆ ನಿಂತಿದ್ರೂ ಉರೀತಾ ಇರ್ತಾನೆ. ಅರ್ಧ ಗಂಟೆ ನಿಂತ್ರೆ ಆ ಕಾವು ಪೀಪಾಯಿಗೆ ಹತ್ತಿ, ಆರೋಕೆ ಒಂದೆರಡು ದಿನ ಬೇಕು. ಅಷ್ಟು ಹೊತ್ತೂ ಪಾಪ ನಕ್ಷತ್ರ ವಾಕಿಂಗ್ ಹೊರಟ ಹಾಗೆ ಕಾಣತ್ತೆ. ಅದಕ್ಕೇ ಅಲ್ವಾ ನಿಮ್ಮನ್ನ ಕೂರಿಸಿರೋದು?”

“ಹೌದು, ಹೌದು.”

“ಈ ಗ್ರಹ ಮಜವಾಗಿದೆ. ದಾರಿ ದುಂಡಗಿಲ್ಲ. ಇದ್ದಕ್ಕಿದ್ದ ಹಾಗೆ ಹತ್ತಿರ ಬಂದು ನಕ್ಷತ್ರಾನ ಜಗ್ಗತ್ತೆ, ಆಮೇಲೆ ಮೆಲ್ಲಗೆ ಬಿಟ್ಟು ಹೋಗತ್ತೆ.”

ಇದು ಮಾವನ ಸ್ವಭಾವವೇ ಆಗಿತ್ತು. ಬೀಗದಣ್ಣನಿಗೆ ಉಳಿದ ಸಂಶಯವೂ ಹೋಯಿತು.

“ಇನ್ನೊಂದು ನಕ್ಷತ್ರ ನೋಡಿ ತಾಳೆ ಹಾಕೋಣ ಅಂದೆ,” ಎಂದರು ಸಂಶೋಧಕಿ, ದನಿ ತಗ್ಗಿಸಿ. “ಅಷ್ಟರಲ್ಲಿ ಬೇರೆಯವರು ಹೇಳಿಬಿಡ್ತಾರೆ ಅಂತ ನಿರ್ದೇಶಕರಿಗೆ ಅವಸರ. ಪ್ರಬಂಧದಲ್ಲಿ ಮೊದಲ ಹೆಸರು ನನ್ನದು ಅಣ್ಣ. ತಪ್ಪಾದ್ರೆ ಮತ್ತೆ ಯಾವ ದೂರದರ್ಶಕದ ಹತ್ತಿರಾನೂ ನನ್ನ ಸೇರಿಸಲ್ಲ. ಆದ್ರೆ ಕೋಣೆ ಕಾಯ್ತಿರೋದು ನೀವಲ್ವಾ, ಅದೊಂದೇ ಧೈರ್ಯ.”

ಆ ಸಂಜೆ ಅವನು ಮನೆಗೆ ಹೋಗದೆ ನೇರ ಮಾವನ ಮನೆಗೆ ಹೋದ.

“ಗಡಿಯಾರ ತೆಗೆದುಬಿಡೋಣ ಮಾವ. ಕೆಲಸಕ್ಕೆ ಸಂಚಕಾರ ಬಂದಿದೆ.”

“ಯಂತ್ರದ ಪೂರ್ತಿ ಜವಾಬ್ದಾರಿ ನಿಮ್ಮದೇ ಅಂದ್ರಲ್ಲ?”

“ಅಂದೆ. ನಾವು ಹೋಗೋ ಕಾವಿಗೆ ಅಲ್ಲಿ ಇಲ್ಲದ ಗ್ರಹ ಕಾಣ್ತಾ ಇದೆ.”

ಮಾವ ಯೋಚಿಸಿದರು. “ಹಾಗಾದ್ರೆ ಗ್ರಹದ್ದು ತಪ್ಪು. ಗಡಿಯಾರ ಈಗ ತಾನೇ ಸರಿಗೆ ಬರ್ತಿದೆ. ನಡುವೆ ತೆಗೆಯೋಕಾಗಲ್ಲ.”

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೈಬಿಟ್ಟಳು.

“ಹೇಳಿದ್ರೆ?”

“ಕೆಲಸ ಹೋಗತ್ತೆ.”

“ಹೇಳದಿದ್ರೆ?”

“ಕಾಯಂ ಆಗತ್ತೆ.”

“ಆ ಮೇಡಮ್ ಗತಿ?”

“ಒಂದಲ್ಲ ಒಂದು ದಿನ ಬೇರೆ ಊರಿನೋರು ನೋಡ್ತಾರೆ. ಗ್ರಹ ಇರಲ್ಲ. ಅವರ ಹೆಸರು ಮಣ್ಣುಪಾಲು.”

ಅವಳು ಬಿದ್ದ ಬಟ್ಟೆಯನ್ನು ಎತ್ತಿ ಮತ್ತೆ ಮಡಿಸತೊಡಗಿದಳು. ಒಂಬತ್ತು ವರ್ಷಗಳಲ್ಲಿ ಹದಿನೆಂಟು ಸಲ ಗಂಡನ ಕೆಲಸ ಮುಗಿದು ಶುರುವಾಗುವುದನ್ನು ನೋಡಿದವಳು ಅವಳು.

“ನಾನು ಕಟ್ಟಿದ ಡಬ್ಬಿ ಊಟ ಮಾಡಿದ್ದಾಳೆ ರೀ ಆ ಹುಡುಗಿ,” ಎಂದಳು ಕೊನೆಗೆ. “ಹೋಗಿ ಹೇಳಿ. ಆದ್ರೆ ಅಪ್ಪನ ಹೆಸರು ಮಾತ್ರ ಎತ್ತಬೇಡಿ. ಈ ವಯಸ್ಸಲ್ಲಿ ಅವರನ್ನ ಪೊಲೀಸ್ ಅದೂ ಇದೂ ಅಂತ ಎಳೀಬೇಡಿ.”

ಮರುದಿನ ಬೆಳಗ್ಗೆ ನಿರ್ದೇಶಕರ ಕೋಣೆಯಲ್ಲಿ ಸಂಶೋಧಕಿಯೂ ಆಡಳಿತಾಧಿಕಾರಿಯೂ ಕೂತಿದ್ದಾಗ ಬೀಗದಣ್ಣ ಒಳಗೆ ಬಂದು ಕೈಕಟ್ಟಿ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೊಸ್ತಿಲಲ್ಲೇ ಉಳಿದವು.

“ಸಾರ್, ಆ ಗ್ರಹ ನಾನೇ.”

ಆಡಳಿತಾಧಿಕಾರಿ ಪೆನ್ನು ಕೆಳಗಿಟ್ಟರು.

“ಅಂದ್ರೆ ಗ್ರಹ ಇಲ್ಲ ಸಾರ್. ಅಲ್ಲಿ ಕಾಣ್ತಿರೋದು ನಾನು.”

“ರಜೆ ತಗೊಳ್ಳಿ ಅಂದ್ರೆ ತಗೊಳ್ಳಲ್ಲ ಇವರು,” ಎಂದರು ಆಡಳಿತಾಧಿಕಾರಿ. “ನೋಡಿ, ಹೀಗಾಗತ್ತೆ.”

ನಿರ್ದೇಶಕರು ಕನ್ನಡಕ ತೆಗೆದರು. “ಅಲ್ಲಯ್ಯ, ನಾಲ್ಕು ಜನ ಚಪ್ಪಾಳೆ ತಟ್ಟಿದ ತಕ್ಷಣ ಇಷ್ಟು ತಲೆಗೇರಬಾರದು. ಮೊನ್ನೆ ಬಾಗಿಲು ಕಾಯೋನು, ಇವತ್ತು ನಕ್ಷತ್ರ ಅಲ್ಲಾಡಿಸೋನು. ನಾಳೆ ಏನು?”

“ನಾನು ಒಳಗೆ ಹೋಗ್ತಿದ್ದೆ ಸಾರ್. ಎಂಟು ದಿನಕ್ಕೊಮ್ಮೆ.”

ಸಂಶೋಧಕಿಯ ಮುಖ ಬಿಳಿಚಿಕೊಂಡಿತು. “ಯಾಕಣ್ಣ?”

“ಧೂಳು ಒರೆಸೋಕೆ.”

“ಎಂಟು ದಿನಕ್ಕೊಮ್ಮೆ ಯಾರು ಧೂಳು ಒರೆಸ್ತಾರೆ? ವಾರಕ್ಕೊಮ್ಮೆ ಅಲ್ವಾ?”

“ನಮ್ಮ ಕಡೆ ಎಂಟಕ್ಕೇ ಮೇಡಮ್.”

ಬದುಕಿನಲ್ಲಿ ಮೊದಲ ಸಲ ತನ್ನ ಬಗ್ಗೆ ಉತ್ಪ್ರೇಕ್ಷೆಯಿಲ್ಲದೆ ಮಾತಾಡಿದವನಿಗೆ ಜಂಬದವನೆಂಬ ಹೆಸರು ಬಂತು. ನಿರ್ದೇಶಕರು ಅವನನ್ನು ಹೊರಗೆ ಕಳಿಸಲು ಗಂಟೆ ಒತ್ತಿದರು. ಸಂಶೋಧಕಿ ಬಿಡಲಿಲ್ಲ. “ಪರೀಕ್ಷೆ ಮಾಡಿ ನೋಡೋಣ ಸಾರ್. ಇವರು ಒಳಗೆ ಹೋಗಿ ಎಂದಿನ ಹಾಗೆ ನಿಂತು ಬರಲಿ. ಯಂತ್ರಕ್ಕೆ ನಕ್ಷತ್ರದ ಬದಲು ಇದ್ದಲ್ಲೇ ಇರೋ ನಮ್ಮ ದೀಪದ ಬೆಳಕು ಕೊಡ್ತೀನಿ. ಗೆರೆ ಸರಿದ್ರೆ ಇವರು ಹೇಳಿದ್ದು ನಿಜ.”

“ಸರಿಯದಿದ್ರೆ?” ಎಂದರು ಆಡಳಿತಾಧಿಕಾರಿ.

“ಸರಿಯದಿದ್ರೆ ನನ್ನ ಗ್ರಹ ಭದ್ರ, ಇವನು ಸುಳ್ಳ,” ಎಂದರು ನಿರ್ದೇಶಕರು. “ಮತ್ತೆ ಈ ಕಡೆ ಬರೋದು ಬೇಡ.”

ಅಂದರೆ ಪರಿಸ್ಥಿತಿ ಇಷ್ಟು. ನ್ಯಾಯಾಲಯಗಳಲ್ಲಿ ಜನ ತಾವು ನಿರಪರಾಧಿಗಳೆಂದು ಸಾಬೀತು ಮಾಡಲು ಹೆಣಗುತ್ತಾರೆ. ಇವನು ತಾನೇ ಅಪರಾಧಿ ಎಂದು ಸಾಬೀತು ಮಾಡಬೇಕಿತ್ತು. ಸಾಬೀತಾದರೂ ಕೆಲಸ ಹೋಗುವ ಸಂಭವ, ಆಗದಿದ್ದರೆ ಹೋಗುವುದು ಖಚಿತ.

ಪರೀಕ್ಷೆಯ ಹೊತ್ತಿಗೆ ಆಡಳಿತಾಧಿಕಾರಿ ನಿಯಮದ ಪುಸ್ತಕ ತೆಗೆದರು. ಯಂತ್ರದ ಕೋಣೆಗೆ ಹೋಗುವವರು ಬಿಳಿಯ ಮೇಲುಡುಪು, ಟೋಪಿ, ಮುಖಕ್ಕೆ ಬಟ್ಟೆ, ಕೈಗವಸು, ಮೊಣಕಾಲಿನವರೆಗಿನ ಬೂಟು ಧರಿಸತಕ್ಕದ್ದು. “ಕಳ್ಳತನದಲ್ಲಿ ಹೇಗೆ ಹೋದನೋ ಗೊತ್ತಿಲ್ಲ. ನನ್ನ ಎದುರಿಗೆ ನಿಯಮದ ಪ್ರಕಾರವೇ ಹೋಗ್ಬೇಕು.” ಅಷ್ಟನ್ನೂ ತೊಡಿಸಿ, ಹತ್ತಿಯ ಮೂಟೆಯ ಹಾಗಾದವನನ್ನು ಒಳಗೆ ಕಳಿಸಿದರು. ಗಡಿಯಾರ ಯಾರ ಕಣ್ಣಿಗೂ ಬೀಳದಿರಲೆಂದು ಪೀಪಾಯಿಯ ಈಚೆ ಬದಿಯಲ್ಲೇ ಅರ್ಧ ಗಂಟೆ ನಿಂತು, ಒಳಗೊಳಗೇ ಬೆಂದು, ಹೊರಗೆ ಒಂದು ತೊಟ್ಟು ಕಾವೂ ಬಿಡದೆ ಬಂದ.

ಮರುದಿನ ಬೆಳಗ್ಗೆ ನೋಡಿದರೆ ಗೆರೆಗಳು ಇದ್ದಲ್ಲೇ ಇದ್ದವು.

“ಕದಲಿಲ್ಲ!” ಎಂದು ನಿರ್ದೇಶಕರು ಮೇಜು ಗುದ್ದಿದರು. ಬೀಗದಣ್ಣನ ಸೊಂಟದಿಂದ ಕೀಲಿಕೈ ಬಿಚ್ಚಿಸಿಕೊಂಡರು.

ಹೆಡ್‌ಮಾಸ್ಟರು ಗೇಟಿನ ಬಳಿ ಕಾದಿದ್ದರು. ಸುದ್ದಿ ಅವನಿಗಿಂತ ಮೊದಲು ಮನೆ ತಲುಪಿತ್ತು. “ಗ್ರಹ ಕಂಡುಹಿಡಿದೆ ಅಂದೆ, ಸರಿ. ಗ್ರಹವೇ ನಾನು ಅಂದ್ಯಂತೆ? ಮಕ್ಕಳಿಗೆ ನಾನು ಏನು ಹೇಳಲಪ್ಪ? ಭಾಷಣ ಬೇಡ ಬಿಡು, ಒಂದೆರಡು ದಿನ ತಣ್ಣೀರಲ್ಲಿ ತಲೆ ನೆನೆಸು.”

ಒಳಗೆ ಹೆಂಡತಿ ಕೇಳಿದಳು. “ಅವರು ನಂಬಲಿಲ್ವಾ?”

“ಇಲ್ಲ. ನಾನೊಬ್ಬನೇ ಸಾಲಲಿಲ್ಲ.” ಇಷ್ಟು ಹೇಳಿ ಅವಳ ಮುಖ ನೋಡಿದ. ಅಪ್ಪನ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದ. ಅವಳೂ ಅವನ ಮುಖ ನೋಡಿದಳು. ಸೋಮವಾರಕ್ಕೆ ನಾಲ್ಕು ದಿನವಿತ್ತು.

ಆದರೆ ಮಾವನಿಗೆ ಸೋಮವಾರದ ಹಂಗಿರಲಿಲ್ಲ. ಅವರಿಗೆ ಇದ್ದದ್ದು ಎಂಟನೇ ದಿನ. ಅದು ಮರುದಿನವೇ, ಶುಕ್ರವಾರ ಬಿತ್ತು.

ಶುಕ್ರವಾರ ಮಧ್ಯಾಹ್ನ ನೆಲಮಾಳಿಗೆಯ ಕುರ್ಚಿಯಲ್ಲಿ, ಬೇರೆ ಆಳು ಸಿಗುವವರೆಗೆಂದು, ಆಡಳಿತಾಧಿಕಾರಿಯೇ ಕೂತು ತೂಕಡಿಸುತ್ತಿದ್ದರು. ಸೊಪ್ಪಿನ ಚೀಲ ಹಿಡಿದ ಮುದುಕರೊಬ್ಬರು ಎದುರಿಗೆ ನಿಂತು ಕೆಮ್ಮಿದರು.

“ಬಾಗಿಲು ತೆಗೀರಿ. ಹೊತ್ತಾಯ್ತು.”

“ಯಾರ್ರೀ ನೀವು?”

“ಗಡಿಯಾರದವನು.”

“ಯಾವ ಗಡಿಯಾರ?”

“ಒಳಗಿರೋದು. ನೀವು ಹೊಸಬರಾ? ನಮ್ಮ ಅಳಿಯಂದಿರು ಎಲ್ಲಿ? ಅವರಿಗೆ ಮೇಲಿನ ಕೆಲಸ ಸಿಕ್ತಾ?”

ಆಡಳಿತಾಧಿಕಾರಿ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಹತ್ತು ನಿಮಿಷದಲ್ಲಿ ನಿರ್ದೇಶಕರು, ಸಂಶೋಧಕಿ ಇಬ್ಬರೂ ಮೆಟ್ಟಿಲಿಳಿದು ಬಂದಿದ್ದರು. ಬೀಗದಣ್ಣನನ್ನು ಮನೆಯಿಂದ ಜೀಪಿನಲ್ಲಿ ಕರೆತಂದರು. ಮಾವನನ್ನು ಅಲ್ಲಿ ನೋಡಿದ ಕೂಡಲೇ ಅವನು ಗೋಡೆಗೆ ಒರಗಿದ.

“ಎಷ್ಟು ದಿನಕ್ಕೊಮ್ಮೆ ಬರ್ತೀರಿ ತಾತ?” ಎಂದು ಸಂಶೋಧಕಿ ಮೆಲ್ಲಗೆ ಕೇಳಿದರು.

“ಎಂಟು.”

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಆಡಳಿತಾಧಿಕಾರಿಗೆ ತಿಳಿಯಲಿಲ್ಲ; ನಿಯಮದಲ್ಲಿ ಎರಡಕ್ಕೂ ಅವಕಾಶವಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಎದ್ದರು.

“ಅಣ್ಣ, ಈಗ ಪೂರ್ತಿ ಹೇಳಿ. ಒಳಗೆ ಎಷ್ಟು ಜನ?”

“ಇಬ್ಬರು ಮೇಡಮ್.”

“ಇಬ್ಬರೇ?”

“ಒಂದು ಬಲ್ಬು.”

“ಬಲ್ಬು ಬೇರೆ! ಮತ್ತೆ?”

“ಸ್ವಲ್ಪ ಜಗಳ.”

“ಎಂದಿನ ಹಾಗೇ ಈಗಲೇ ಒಳಗೆ ಹೋಗಿ. ಮೇಲುಡುಪು ಬೇಡ. ಏನೊಂದೂ ಬದಲಾಯಿಸಬೇಡಿ.”

“ಇವತ್ತು ಜಗಳ ಆಡಲ್ಲ ಮೇಡಮ್, ಆಣೆ ಮಾಡ್ತೀನಿ.”

“ಅಯ್ಯೋ, ಆಡಲೇಬೇಕು ಅಣ್ಣ. ಜಗಳ ಆಡಿದ್ರೆ ಮೈ ಕಾವು ಜಾಸ್ತಿ.”

ಅಪ್ಪಣೆ ಕೊಟ್ಟು ಆಡಿಸುವ ಜಗಳ ಸುಲಭವಲ್ಲ. ಒಳಗೆ ದೀಪ ಹತ್ತಿತು, ಮುಚ್ಚಳ ತೆರೆಯಿತು. ಅಳಿಯ, “ಬೇಗ ಮಾವ” ಎಂದ, ಮಗು ಪಾಠ ಒಪ್ಪಿಸಿದ ಹಾಗೆ. ಮಾವ, “ನಿಧಾನ ಅಳಿಯಂದಿರೇ” ಎಂದರು, ಮದುವೆಮನೆಯಲ್ಲಿ ಎಲ್ಲರೆದುರು ಆಡುವಷ್ಟು ಮರ್ಯಾದೆಯಿಂದ. ಬಾಗಿಲಿಗೆ ಕಿವಿಯಿಟ್ಟಿದ್ದ ನಿರ್ದೇಶಕರ ಮುಖದಲ್ಲಿ ಆಸೆ ಚಿಗುರಿತು. ಅಷ್ಟರಲ್ಲಿ ಮಾವ ಹೇಳಿದರು:

“ಆ ಕುರ್ಚಿಯವರು ನಿಮಗಿಂತ ಚೆನ್ನಾಗಿ ಕೂತಿದ್ರು.”

“ಅವರು ಮಲಗಿದ್ರು ಮಾವ!”

“ಮಲಗೋಕೂ ಯೋಗ್ಯತೆ ಬೇಕು. ನೀವು ಕೂತ್ಕೊಂಡೇ ಕೆಲಸ ಕಳ್ಕೊಂಡ್ರಿ.”

“ಕಳೆದೋನು ಯಾರು? ಯಾರ ಗಡಿಯಾರ ಇದು? ಯಾರ ಬಲ್ಬು?”

“ಯಾರ ರೂಮು ಅಂತ ಹೇಳಿದ್ರಿ?”

ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ಬಾಗಿಲು ದಾಟಿ ಮಾತು ಮೆಟ್ಟಿಲವರೆಗೆ ಕೇಳಿಸಿತು. ಒಂಬತ್ತು ವರ್ಷದ ಹಂಗಾಮಿತನ, ಕೊಡದ ಮರ್ಯಾದೆ, ಕೊಚ್ಚಿದ ಜಂಬ, ಎಲ್ಲ ಬಂತು. ಅರ್ಧ ಗಂಟೆಗೆ ಇಬ್ಬರೂ ಕೆಂಪಗೆ ಹೊರಬಂದರು. ಗಡಿಯಾರವೂ ಲ್ಯಾಂಪೂ ಅವರೊಂದಿಗೆ ಹೊರಬಂದವು, ನಿರ್ದೇಶಕರ ಆಜ್ಞೆಯ ಮೇರೆಗೆ.

ಶನಿವಾರ ಬೆಳಗ್ಗೆ ಪರದೆಯ ಮೇಲಿನ ನಕ್ಷೆಯಲ್ಲಿ ಗೆರೆ ಏರಿತ್ತು. ಸಂಶೋಧಕಿ ಗ್ರಹದ ಗೆರೆಯನ್ನು ಅದರ ಮೇಲಿಟ್ಟರು. ಒಂದರ ಮೇಲೊಂದು ಕೂತು, ಎರಡಿದೆ ಎಂದು ಹೇಳುವ ಹಾಗೇ ಇರಲಿಲ್ಲ.

“ನನ್ನ ಗ್ರಹ,” ಎಂದರು ನಿರ್ದೇಶಕರು, ಸತ್ತವರ ಬಗ್ಗೆ ಮಾತಾಡುವ ದನಿಯಲ್ಲಿ. ಆಮೇಲೆ ಪತ್ರಿಕೆಯವರಿಗೆ ಬರಬೇಡಿ ಎಂದು ಹೇಳಲು ಎದ್ದು ಹೋದರು. ಸಂಶೋಧಕಿ ಬೀಗದಣ್ಣನ ಎರಡೂ ಕೈ ಹಿಡಿದು, “ಸೋಮವಾರಕ್ಕೆ ಮೊದಲೇ ಹೇಳಿದ್ರಲ್ಲ ಅಣ್ಣ, ಬದುಕಿಕೊಂಡೆ,” ಎಂದರು. ಅವನು ಅಪರಾಧಿ ಎಂಬುದು ಕೊನೆಗೂ ಸಾಬೀತಾಗಿತ್ತು. ಸಮಾಧಾನಕ್ಕೆ ಅವನ ಕಣ್ಣಲ್ಲಿ ನೀರು ಬಂತು.

“ಇನ್ನು ತೆಗೆದುಹಾಕೋದು ತಾನೇ?” ಎಂದರು ಆಡಳಿತಾಧಿಕಾರಿ.

“ಒಂದು ವಾರ ತಡೀರಿ,” ಎಂದರು ಸಂಶೋಧಕಿ. “ಇಷ್ಟು ತಿಂಗಳ ಲೆಕ್ಕದಿಂದ ಇವರಿಬ್ಬರನ್ನೂ ಕಳೀಬೇಕು. ಯಾವ ದಿನ ಬಲ್ಬು ಹೆಚ್ಚು ಹೊತ್ತು ಉರೀತು, ಯಾವ ದಿನ ಜಗಳ ಜೋರು, ಇವರನ್ನ ಬಿಟ್ಟು ಯಾರಿಗೆ ಗೊತ್ತು?”

ಆ ವಾರವೆಲ್ಲ ಬೀಗದಣ್ಣ ಅವರ ಪಕ್ಕ ಕೂತು ಜಗಳಗಳನ್ನು ನೆನಪಿಸಿಕೊಂಡ. ಅವರು ಒಂದೊಂದನ್ನೂ ಆಕಾಶದಿಂದ ಅಳಿಸಿದರು. ವಾರದ ಕೊನೆಗೆ ಮತ್ತೆ ಎಲ್ಲರೂ ನಿರ್ದೇಶಕರ ಕೋಣೆಯಲ್ಲಿ ಸೇರಿದರು. ಸಂಶೋಧಕಿ ತುಟಿ ಕಚ್ಚಿಕೊಂಡಿದ್ದರು.

“ಅಣ್ಣನ್ನ ತೆಗೆದೆ ಸಾರ್. ತಾತನ್ನ ತೆಗೆದೆ. ಬಲ್ಬು ತೆಗೆದೆ, ಜಗಳಾನೂ ತೆಗೆದೆ. ಇನ್ನೂ ಏನೋ ಉಳಿದಿದೆ. ತುಂಬ ಚಿಕ್ಕದು. ದುಂಡಗಿದೆ. ಹನ್ನೊಂದು ದಿನಕ್ಕೊಮ್ಮೆ.”

ಮೂವರೂ ಬೀಗದಣ್ಣನ ಕಡೆ ತಿರುಗಿದರು.

“ನಿಜ ಹೇಳಯ್ಯ,” ಎಂದರು ನಿರ್ದೇಶಕರು. “ಮೂರನೆಯವರು ಯಾರು?”

“ಯಾರೂ ಇಲ್ಲ ಸಾರ್.”

“ಹನ್ನೊಂದು ದಿನಕ್ಕೊಮ್ಮೆ ಬರೋರು ನಿಮ್ಮ ನೆಂಟರಲ್ಲಿ ಯಾರಿದ್ದಾರೆ?” ಎಂದರು ಆಡಳಿತಾಧಿಕಾರಿ.

“ಭಾವಮೈದ ಬರ್ತಾನೆ, ಅದು ತಿಂಗಳಿಗೊಮ್ಮೆ. ಊಟ ಮಾಡ್ಕೊಂಡು ಮನೆಯಿಂದಲೇ ಹೋಗ್ತಾನೆ. ದೇವರಾಣೆ ಸಾರ್, ಕೋಣೆಗೆ ಮೂರನೆಯವರು ಬಂದಿಲ್ಲ.”

“ಬಂದಿಲ್ಲ ಅಂದ್ರೆ,” ಎಂದು ನಿರ್ದೇಶಕರು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಪರದೆಯ ಹತ್ತಿರ ಬಗ್ಗಿದರು. ಒಮ್ಮೆ ಸುಟ್ಟುಕೊಂಡ ಬಾಯಿ, ಈ ಸಲ ಊದುತ್ತಿತ್ತು. “ಇದು ಖಚಿತ ಆಗೋಕೆ ಎಷ್ಟು ಕಾಲ ಬೇಕು?”

“ಇಷ್ಟು ಚಿಕ್ಕ ತೂಗಾಟಕ್ಕೆ ಹತ್ತು ವರ್ಷ ಆದ್ರೂ ನೋಡ್ಬೇಕು ಸಾರ್.”

“ಹಾಗಾದ್ರೆ ಇವರನ್ನ ತೆಗೆಯೋಕೆ ಬರಲ್ಲ,” ಎಂದರು ಆಡಳಿತಾಧಿಕಾರಿ, ಬೇಸರದಿಂದ. “ಮೂರನೆಯವರು ಯಾರು ಅಂತ ತಿಳಿಯೋವರೆಗೂ ವಿಚಾರಣೆ ಮುಗಿದ ಹಾಗಾಗಲ್ಲ. ವಿಚಾರಣೆ ನಡೀತಿರೋ ನೌಕರ ಕೆಲಸದಲ್ಲೇ ಇರತಕ್ಕದ್ದು. ಆರಾರು ತಿಂಗಳಿಗೆ ಬಿಟ್ಟು ತಗೊಳ್ಳೋ ಹಾಗೂ ಇಲ್ಲ.”

ಕಾಯಂ ಆದವರಿಗೂ ಇಷ್ಟು ಭದ್ರತೆ ಇರುವುದಿಲ್ಲ. ಬೀಗದಣ್ಣ ಓಡುತ್ತಲೇ ಮನೆಗೆ ಹೋದ. ಬಾಗಿಲಲ್ಲೇ ನಿಂತು, ಉಸಿರು ಬಿಡದೆ, ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಕೆಲಸ ಉಳಿಯಿತು, ಮಾವನನ್ನು ಯಾರೂ ಏನೂ ಅನ್ನಲಿಲ್ಲ, ಎಲ್ಲರನ್ನೂ ಕಳೆದರೂ ಹನ್ನೊಂದು ದಿನಕ್ಕೊಮ್ಮೆ ಬರುವುದೊಂದು ಉಳಿದಿದೆ, ಅದು ಯಾರೆಂದು ಗೊತ್ತಿಲ್ಲ.

ಅವಳು ಪೂರ್ತಿ ಕೇಳಿದಳು. ಸೆರಗಿಗೆ ಕೈ ಒರೆಸಿಕೊಂಡಳು.

“ಹನ್ನೊಂದು ದಿನಕ್ಕೊಮ್ಮೆ ಆ ರೂಮಿಗೆ ಬರ್ತಿದ್ದೋಳು ಯಾರ್ರೀ?”

ಅದು ತಿಳಿಯಲು ಹತ್ತು ವರ್ಷ ಬೇಕೆಂದು ಅವನು ಹೇಳಬಾರದಿತ್ತು. ಹೇಳಿದ.